ಎಲೆಯುದುರಿದ ಮರವು ಸತ್ತ ಮರವಲ್ಲ

ಧ್ಯಾನಭಾಗ: ಯೋಬನು ೧೪:೭-೯, ಲೂಕನು ೧೩:೬-೯



ಫೆಬ್ರವರಿ ತಿಂಗಳ ಕಡೆಯಲ್ಲಾಗಲಿ ಮಾರ್ಚಿ ತಿಂಗಳ ಮೊದಲಲ್ಲಾಗಲಿ ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡನ್ನು ಹಾದು ಊಟಿಯ ಕಡೆಗೆ ಹೋಗುವವನು ದಾರಿಯ ಎರಡು ಪಕ್ಕಗಳಲ್ಲಿಯೂ ಬೋಳುಮರಗಳನ್ನೇ ಕಾಣುವನು. ತೇಗ, ಹೊನ್ನೆ, ಮತ್ತಿ, ದಿಂಡಿಗ ಮೊದಲಾದ ಮರಗಳು ಎಲೆಗಳನ್ನು ಕಳಚಿಹಾಕಿ ಬರಿಯ ಕೊಂಬೆಗಳನ್ನು ಆಕಾಶಕ್ಕೆ ಎತ್ತಿಕೊಂಡು ನಿಂತಿರುತ್ತವೆ. ನೆಲದ ತುಂಬ ತರಗೆಲೆ. ಕಾಲಿಟ್ಟಲ್ಲೆಲ್ಲಾ ಚರಚರ ಶಬ್ದ. ಈ ಸೀಮೆಯನ್ನು ಮೊದಲ ಸಾರಿ ನೋಡುವ ಪರಸ್ಥಳದವನು, ಅಯ್ಯೋ, ಈ ಕಾಡೆಲ್ಲಾ ಸತ್ತುಹೋಯಿತಲ್ಲಾ ಎಂದು ಹೇಳಿಯಾನು. ಆದರೆ ಕಾಡಂಚಿನಲ್ಲಿ ಹುಟ್ಟಿ ಬೆಳೆದ ನೀವು ಹಾಗೆ ಹೇಳುವದಿಲ್ಲ. ಮರವು ಸತ್ತಿದೆಯೋ ಬದುಕಿದೆಯೋ ಎಂದು ತಿಳಿಯುವದಕ್ಕೆ ನಿಮಗೆ ಒಂದು ಸುಲಭವಾದ ಪರೀಕ್ಷೆ ಗೊತ್ತುಂಟು. ಸಣ್ಣ ಕೊಂಬೆಯ ತೊಗಟೆಯನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡುತ್ತೀರಿ. ಒಳಗೆ ಹಸುರು ಕಂಡರೆ ಕೊಡಲಿಯನ್ನು ಎತ್ತುವದಿಲ್ಲ.

ಕಾಡಿನ ಮರದ ವಿಷಯದಲ್ಲಿ ನಮಗಿರುವ ಈ ವಿವೇಕವು ನಮ್ಮ ಸಭೆಯವರ ವಿಷಯದಲ್ಲಿಯೂ ಉಂಟೋ? ಈ ಪ್ರಶ್ನೆಯನ್ನು ನಾನು ಮೊದಲು ನನಗೇ ಹಾಕಿಕೊಳ್ಳಬೇಕಾಗಿ ಬಂತು. ಹೇಗಂದರೆ, ಮಳೆ ತಪ್ಪಿದ ಒಂದು ವರುಷದಲ್ಲಿ ನಮ್ಮ ಸಭೆಯ ಹಿರಿಯರು ಕೂಡಿ ಸಭಾಪುಸ್ತಕವನ್ನು ತಿದ್ದುವದಕ್ಕೆ ಕುಳಿತರು. ಆರು ತಿಂಗಳಿಂದ ಆರಾಧನೆಗೆ ಬಾರದವರೂ ಚಂದಾ ಕೊಡದವರೂ ಆದ ಕೆಲವರ ಹೆಸರುಗಳನ್ನು ಓದಿದರು. ಅವರಲ್ಲಿ ಒಬ್ಬ ಮುದಿ ವಿಧವೆಯ ಹೆಸರೂ ಇತ್ತು. ಈ ಕೊಂಬೆ ಒಣಗಿತು, ತೆಗೆದುಬಿಡೋಣ ಎಂದು ಒಬ್ಬರು ಹೇಳಿದರು. ನಾನು ಸುಮ್ಮನೆ ಲೇಖಣಿಯನ್ನು ಕೈಗೆ ತೆಗೆದುಕೊಂಡೆನು. ಆದರೆ ಇನ್ನೊಬ್ಬ ಹಿರಿಯರು, ಅಯ್ಯನವರೇ, ಒಂದು ಸಾರಿ ಹೋಗಿ ನೋಡಿ ಬಂದು ಆ ಮೇಲೆ ಬರೆಯಿರಿ ಎಂದರು. ಆ ತಾಯಿಯ ಮನೆಗೆ ಹೋಗುವ ದಾರಿಯು ಕಾಡಂಚಿನಲ್ಲೇ ಇತ್ತು. ದಾರಿಯುದ್ದಕ್ಕೂ ಕಂಡ ಬೋಳುಮರಗಳು ನನ್ನನ್ನು ಗದರಿಸಿದವು. ಆದದರಿಂದ ಆಕೆಯ ಮನೆಗೆ ಹೋಗುವದಕ್ಕೆ ಮುಂಚೆ ನಾವು ಆ ಕಾಡಿನೊಳಗೆ ಸ್ವಲ್ಪ ಹೊತ್ತು ನಿಂತು, ದೇವರು ಅದರಲ್ಲಿ ಇಟ್ಟಿರುವ ಪಾಠಗಳನ್ನು ಕಲಿಯೋಣ.

ಒಂದನೆಯದಾಗಿ, ಮರವು ಜೀವವನ್ನು ಉಳಿಸಿಕೊಳ್ಳುವದಕ್ಕಾಗಿಯೇ ಎಲೆಯನ್ನು ಬಿಡುತ್ತದೆ. ಆಗುಂಬೆಯ ಕಡೆಯಲ್ಲಿ ವರುಷಕ್ಕೆ ೭೦೦೦ ಮಿಲಿಮೀಟರಿಗೂ ಹೆಚ್ಚಾಗಿ ಮಳೆ ಬೀಳುತ್ತದೆ. ಅಲ್ಲಿಯ ಕಾಡು ಯಾವಾಗಲೂ ಹಸುರಾಗಿರುತ್ತದೆ. ಬಂಡೀಪುರದ ಕಡೆಯಲ್ಲಿ ಬೀಳುವದು ಸುಮಾರು ೧೦೦೦ ಮಿಲಿಮೀಟರು. ಮೂಡಲ ಭಾಗದಲ್ಲಿ ಅದಕ್ಕಿಂತಲೂ ಕಡಿಮೆ. ಅದೂ ವರುಷವೆಲ್ಲಾ ಹಂಚಿಕೆಯಾಗಿ ಬೀಳುವದಿಲ್ಲ. ಜನವರಿಯಿಂದ ಬೇಸಿಗೆಯ ಮಳೆಯ ವರೆಗೆ ಆಕಾಶವು ಬಹುಮಟ್ಟಿಗೆ ಮುಚ್ಚಿದ ಬಾಗಿಲಿನಂತೆ ಇರುತ್ತದೆ. ಎಲೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳುಂಟು. ಅವುಗಳ ಮೂಲಕ ಮರವು ಉಸಿರಾಡುವಾಗ ಬೇರು ತಂದ ನೀರು ಆವಿಯಾಗಿ ಹೋಗುತ್ತದೆ. ಒಣಗಿದ ನೆಲದಿಂದ ಬೇರು ನೀರನ್ನು ತರಲಾರದೆ ಇರುವಾಗ ಎಲೆಗಳೆಲ್ಲಾ ಉಳಿದರೆ ಮರವೇ ಬತ್ತಿಹೋದೀತು. ಆದದರಿಂದ ಅದು ಎಲೆಯನ್ನು ಬಿಟ್ಟುಕೊಡುತ್ತದೆ.

ಆದರೆ ಹೇಗೆ ಬಿಟ್ಟುಕೊಡುತ್ತದೆ ಎಂಬದನ್ನು ಗಮನಿಸಿರಿ. ಎಲೆ ಬೀಳುವದಕ್ಕೆ ಮುಂಚೆ ಅದರಲ್ಲಿರುವ ಸಾರದ ಒಂದು ದೊಡ್ಡ ಪಾಲನ್ನು ಮರವು ಕೊಂಬೆಗೂ ಕಾಂಡಕ್ಕೂ ಹಿಂದೆಗೆದುಕೊಳ್ಳುತ್ತದೆ. ಆಗ ಎಲೆಯ ಹಸುರು ಹೋಗಿ ಹಳದಿ ಬಣ್ಣ ಕಾಣುತ್ತದೆ. ತರುವಾಯ ತೊಟ್ಟಿನ ಬುಡದಲ್ಲಿ ಒಂದು ಪದರವು ಸಡಿಲವಾಗಿ, ಎಲೆಯು ಗಾಳಿಗೆ ಕಳಚಿ ಬೀಳುತ್ತದೆ. ಅದು ಕಳಚಿದ ಸ್ಥಳವು ಮುಚ್ಚಿಕೊಳ್ಳುವದರಿಂದ ಮರಕ್ಕೆ ಗಾಯವಾಗಿ ಉಳಿಯುವದಿಲ್ಲ. ಬಿದ್ದ ಎಲೆಯೂ ವ್ಯರ್ಥವಲ್ಲ. ಗೆದ್ದಲು, ಎರೆಹುಳು, ಬೂಷ್ಟು ಇವುಗಳು ಅದನ್ನು ಪುಡಿಮಾಡಿ ಕೊಳೆಸುತ್ತವೆ. ಮಳೆ ಬಂದಾಗ ಅದು ಅದೇ ಮರದ ಬೇರಿಗೆ ಗೊಬ್ಬರವಾಗುತ್ತದೆ.

ಪ್ರಿಯರೇ, ನಮಗೂ ಎಲೆ ಬಿಡಬೇಕಾದ ಕಾಲಗಳು ಬರುತ್ತವೆ. ಮಳೆ ತಪ್ಪಿದ ವರುಷದಲ್ಲಿಯೂ ನೆರೆಯವರ ಕಣ್ಣಿಗೆ ಹಸುರಾಗಿ ಕಾಣಬೇಕೆಂಬ ಆಶೆಯಿಂದ ಎಷ್ಟೋ ಕುಟುಂಬಗಳು ಬತ್ತಿಹೋಗಿವೆ. ಮಗಳ ಮದುವೆಗೆ ಸಾಲ ತಂದು ಊರಿಗೆಲ್ಲಾ ಊಟಕ್ಕೆ ಇಡುವರು. ಮೆರವಣಿಗೆಗೆ ವಾದ್ಯ ತರಿಸುವರು. ಬಂಗಾರಕ್ಕೋಸ್ಕರ ಹೊಲವನ್ನು ಒತ್ತೆಯಿಡುವರು. ಮೂರು ದಿನದ ಹಸುರಿಗಾಗಿ ಮೂವತ್ತು ವರುಷದ ಬೇರು ಒಣಗುತ್ತದೆ. ಮಕ್ಕಳ ಓದು ನಿಂತುಹೋಗುತ್ತದೆ. ಮನೆಯಲ್ಲಿ ಪ್ರಾರ್ಥನೆಯ ಹೊತ್ತಿಗೆ ಸಾಲಗಾರನು ಬಂದು ಬಾಗಿಲು ತಟ್ಟುತ್ತಾನೆ. ತೇಗದ ಮರಕ್ಕೆ ತನ್ನ ಅಗಲವಾದ ಎಲೆಗಳನ್ನು ಬಿಡುವದಕ್ಕೆ ನಾಚಿಕೆಯಿಲ್ಲ. ನಮಗೆ ಯಾಕೆ ನಾಚಿಕೆ? ಕ್ರಿಸ್ತನಲ್ಲಿ ವಿವಾಹವಾಗುವವರಿಗೆ ಸರಳವಾದ ಮದುವೆಯು ಅವಮಾನವಲ್ಲ. ಬಿಡತಕ್ಕದ್ದನ್ನು ಬಿಡಿರಿ, ಆದರೆ ಬಿಡುವದಕ್ಕೆ ಮುಂಚೆ ಸಾರವನ್ನು ಒಳಕ್ಕೆ ಸೆಳೆದುಕೊಳ್ಳಿರಿ. ಪ್ರಾರ್ಥನೆ, ದೇವರ ವಾಕ್ಯ, ಒಬ್ಬರ ಮೇಲೊಬ್ಬರಿಗಿರುವ ಪ್ರೀತಿ, ಇವು ಎಲೆಯಲ್ಲ, ಸಾರ. ಇವುಗಳನ್ನು ಉದುರಿಸಬೇಡಿರಿ.

ಇಲ್ಲಿ ಯಾರಾದರೂ ಒಂದು ಪ್ರಶ್ನೆಯನ್ನು ಕೇಳಬಹುದು. ನೀತಿವಂತನು ನೀರಿನ ಕಾಲಿವೆಗಳ ಬಳಿಯಲ್ಲಿ ನೆಟ್ಟ ಮರಕ್ಕೆ ಸಮಾನನೆಂದೂ ಅವನ ಎಲೆ ಬಾಡುವದಿಲ್ಲವೆಂದೂ ಒಂದನೆಯ ಕೀರ್ತನೆಯು ಬೋಧಿಸುತ್ತದಲ್ಲವೇ? ಹೌದು. ನಮ್ಮ ಕಾಡಿನಲ್ಲಿಯೂ ಹಳ್ಳದ ದಡದಲ್ಲಿ ನಿಂತಿರುವ ಹೊಳೆಮತ್ತಿಯೂ ನೇರಳೆಯೂ ಬೇಸಿಗೆಯಲ್ಲಿ ಹಸುರಾಗಿರುವದನ್ನು ನೀವು ನೋಡಿದ್ದೀರಿ. ಆದರೆ ಆ ಕೀರ್ತನೆಯು ಧನದ ಹಸುರನ್ನು ಕುರಿತು ಮಾತನಾಡುವದಿಲ್ಲ. ದೇವರ ಧರ್ಮಶಾಸ್ತ್ರವನ್ನು ಹಗಲಿರುಳು ಧ್ಯಾನಿಸುವವನ ಒಳಗಣ ಜೀವವು ಬಾಡುವದಿಲ್ಲವೆಂಬದೇ ಅದರ ಅರ್ಥ. ಹೊರಗಣ ಎಲೆ ಹೋದರೂ ಒಳಗಣ ನೀರಿನ ಒರತೆ ನಿಲ್ಲದೆ ಇರಬಹುದು. ಮತ್ತಿಯ ಮರವನ್ನೇ ನೋಡಿರಿ. ಅದರ ತೊಗಟೆಯು ಮೊಸಳೆಯ ಬೆನ್ನಿನಂತೆ ದಪ್ಪವಾಗಿ ಬಿರಿದುಕೊಂಡು ಒರಟಾಗಿ ಕಾಣುತ್ತದೆ. ಆದರೂ ಕೆಲವು ಮತ್ತಿಮರಗಳ ಕಾಂಡದೊಳಗೆ ಕಡುಬೇಸಿಗೆಯಲ್ಲಿಯೂ ನೀರು ತುಂಬಿಕೊಂಡಿರುತ್ತದೆ. ಹೊರಗೆ ಒರಟು, ಒಳಗೆ ಒರತೆ. ದೇವರ ಮಕ್ಕಳಲ್ಲಿಯೂ ಇಂಥವರು ಅನೇಕರುಂಟು.

ಎರಡನೆಯದಾಗಿ, ಬೋಳಾದ ಮರವು ಬೋಳಾಗಿರುವಾಗಲೇ ಹೂವನ್ನು ಕೊಡುತ್ತದೆ. ಮುತ್ತುಗದ ಮರದಲ್ಲಿ ಎಲೆಯಿಲ್ಲದಿರುವಾಗ ಅದು ಬೆಂಕಿಯ ಬಣ್ಣದ ಹೂಗಳಿಂದ ತುಂಬಿ ನಿಲ್ಲುತ್ತದೆ. ಬೂರುಗದ ಮರವು ಮುಳ್ಳಿನ ಮೈಯನ್ನು ಹೊತ್ತುಕೊಂಡು, ಒಂದು ಎಲೆಯಾದರೂ ಇಲ್ಲದೆ, ಅಂಗೈಯಗಲದ ಕೆಂಪು ಹೂಗಳನ್ನು ಬಿಡುತ್ತದೆ. ಎಲೆಗಳ ಮರೆಯಿಲ್ಲದಿರುವದರಿಂದ ಆ ಹೂಗಳು ದೂರದಿಂದ ಕಾಣುತ್ತವೆ. ಗೊರವಂಕ, ಕಾಗೆ, ಸೂರಕ್ಕಿ, ಅಳಿಲು, ಜೇನು ಇವೆಲ್ಲವೂ ಆ ಮಕರಂದಕ್ಕಾಗಿ ಓಡಿಬರುತ್ತವೆ. ಉದುರಿದ ಬೂರುಗದ ಹೂಗಳನ್ನು ಜಿಂಕೆಗಳು ಹೆಕ್ಕಿ ತಿನ್ನುತ್ತವೆ. ಹುಲ್ಲು ಒಣಗಿ ಹೋದ ದಿನಗಳಲ್ಲಿ ಬೋಳುಮರದ ಬುಡವೇ ಅವುಗಳಿಗೆ ಊಟದ ಮನೆ. ಇದಲ್ಲದೆ, ಮಳೆ ಬರುವದಕ್ಕೆ ಮುಂಚೆಯೇ ಬೂರುಗದ ಕಾಯಿ ಬಲಿತು ಒಡೆದು, ಅರಳೆಯೊಡನೆ ಬೀಜವನ್ನು ಗಾಳಿಗೆ ಬಿಡುತ್ತದೆ. ಮೊದಲ ಮಳೆ ಬಿದ್ದಾಗ ಬೀಜವು ನೆಲದಲ್ಲಿ ಸಿದ್ಧವಾಗಿರುತ್ತದೆ.

ಈಗ ನಾನು ಆ ವಿಧವೆಯ ಮನೆಗೆ ಹೋದ ಸಂಗತಿಯನ್ನು ಹೇಳುವೆನು. ಆಕೆ ಜಗಲಿಯ ಮೇಲೆ ಕುಳಿತು ಸೊಪ್ಪು ಸೋಸುತ್ತಿದ್ದಳು. ನನ್ನನ್ನು ಕಂಡು ಗಾಬರಿಯಿಂದ ಎದ್ದು ನಿಂತಳು.

“ಯಾಕಮ್ಮಾ, ಆರು ತಿಂಗಳಿಂದ ದೇವಾಲಯದ ಕಡೆಗೆ ಬರಲಿಲ್ಲವಲ್ಲಾ?” ಎಂದು ನಾನು ಕೇಳಿದೆನು.

“ಬೆಳೆಹಬ್ಬಕ್ಕೆ ಬರಿಗೈಯಲ್ಲಿ ಹೇಗೆ ಬರಲಿ, ಅಯ್ಯನವರೇ? ರಾಗಿ ತೆನೆ ಬಿಡುವ ಹೊತ್ತಿಗೆ ಮಳೆ ಹೋಯಿತು. ಎಲ್ಲರೂ ಮಂಕರಿ ತುಂಬ ತಂದಿಡುವಾಗ ನಾನು ಕಣ್ಣನ್ನು ಎಲ್ಲಿಡಲಿ? ಒಂದು ಸಾರಿ ತಪ್ಪಿದ ಮೇಲೆ ಮತ್ತೆ ಬರುವದಕ್ಕೆ ಮೋರೆಯಿಲ್ಲದೆ ಹೋಯಿತು.”

“ಪ್ರಾರ್ಥನೆಯನ್ನೂ ಬಿಟ್ಟಿರೋ, ತಾಯೀ?”

“ಅದನ್ನು ಬಿಟ್ಟರೆ ನನಗೆ ಉಳಿಯುವದೇನು, ಸ್ವಾಮೀ? ದಿನಾ ಕೋಳಿ ಕೂಗುವ ಹೊತ್ತಿಗೆ ಆ ಮೂಲೆಯಲ್ಲಿ ಮೊಣಕಾಲೂರುತ್ತೇನೆ. ಅಗೋ, ಆ ಮನೆಯ ಹುಡುಗ ಮಳೆಗಾಲದಿಂದ ಜ್ವರದಲ್ಲಿ ಬಿದ್ದಿದ್ದಾನೆ. ಅವನ ತಾಯಿ ಕೂಲಿಗೆ ಹೋಗುತ್ತಾಳೆ. ಹಗಲೆಲ್ಲಾ ನಾನೇ ಗಂಜಿ ಕುಡಿಸಿ ನೋಡಿಕೊಳ್ಳುತ್ತೇನೆ. ಅವರು ನಮ್ಮ ಸಭೆಯವರಲ್ಲ. ಆದರೂ ನಾನು ಪ್ರಾರ್ಥಿಸುವಾಗ ಅವನು ಕೈಮುಗಿಯುತ್ತಾನೆ.”

ಪ್ರಿಯರೇ, ನಾನು ಬೋಳು ಕೊಂಬೆಯ ತೊಗಟೆಯನ್ನು ಕೆರೆದು ನೋಡಿದೆನು, ಒಳಗೆ ಹಸುರಿತ್ತು. ಹಸುರು ಮಾತ್ರವಲ್ಲ, ನಮ್ಮ ಕಣ್ಣಿಗೆ ಬೀಳದೆ ಆ ಮರವು ಹೂವನ್ನೂ ಬಿಟ್ಟಿತ್ತು. ಎಲೆ ತುಂಬಿದ ನಾವು ಸಭಾಪುಸ್ತಕವನ್ನು ಹಿಡಿದು ಕುಳಿತಿರುವಾಗ, ಎಲೆಯಿಲ್ಲದ ಆ ತಾಯಿಯು ಒಂದು ಹಕ್ಕಿಮರಿಯನ್ನು ಸಾಕುತ್ತಿದ್ದಳು. ದೇವಾಲಯದ ಬೊಕ್ಕಸದ ಎದುರಿಗೆ ಕುಳಿತು ಬಡ ವಿಧವೆಯ ಎರಡು ಕಾಸನ್ನು ಲೆಕ್ಕಕ್ಕೆ ತೆಗೆದುಕೊಂಡ ನಮ್ಮ ಕರ್ತನು ಈ ಗಂಜಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇರುವನೋ? ಮಕೆದೋನ್ಯದ ಸಭೆಗಳವರು ಬಹಳ ಬಡತನದಲ್ಲಿದ್ದರೂ ಧಾರಾಳವಾಗಿ ಕೊಟ್ಟರೆಂದು ಪೌಲನು ಕೊರಿಂಥದವರಿಗೆ ಬರೆದನು. ಆ ಸಭೆಗಳು ಎಲೆಯಿಲ್ಲದೆ ಹೂ ಬಿಟ್ಟ ಮುತ್ತುಗದ ಮರಗಳೇ ಸರಿ.

ಮೂರನೆಯದಾಗಿ, ಒಣಗಾಲದಲ್ಲಿ ಕಾಡಿನ ಜೀವಿಗಳು ಒಂದರಿಂದ ಒಂದು ಉಪಕಾರ ಹೊಂದುತ್ತವೆ. ಮುಸುವಗಳು ಮರದ ಮೇಲೆ ಕುಳಿತು ಚಿಗುರನ್ನೂ ಹೂವನ್ನೂ ಕಾಯನ್ನೂ ತಿನ್ನುವಾಗ ಅರ್ಧವನ್ನು ಕೆಳಗೆ ಬೀಳಿಸುತ್ತವೆ. ಜಿಂಕೆಗಳು ಆ ಮರದ ಬುಡಕ್ಕೆ ಬಂದು ಅದನ್ನು ತಿನ್ನುತ್ತವೆ. ಹುಲಿ ಚಿರತೆಗಳು ಬರುವದನ್ನು ಮೇಲಿರುವ ಮುಸುವವು ದೂರದಿಂದ ಕಂಡು ಕೂಗುತ್ತದೆ, ಜಿಂಕೆಯು ಎಚ್ಚರವಾಗುತ್ತದೆ. ಜಿಂಕೆಯ ಮೂಗಿಗೆ ಮೊದಲು ವಾಸನೆ ತಗಲಿದರೆ ಅದರ ಕೂಗಿನಿಂದ ಮುಸುವವು ಎಚ್ಚರವಾಗುತ್ತದೆ. ಹಳ್ಳವು ಬತ್ತಿದಾಗ ಆನೆಯು ಮರಳನ್ನು ಕಾಲಿನಿಂದ ಕೆದರಿ ಸೊಂಡಿಲಿನಿಂದ ತೋಡಿ ನೀರು ಕುಡಿಯುತ್ತದೆ. ಅದು ಹೋದ ಮೇಲೆ ಬೇರೆ ಮೃಗಗಳಿಗೂ ಆ ಗುಂಡಿಯಲ್ಲಿ ನೀರು ಸಿಕ್ಕುತ್ತದೆ. ಆನೆಗಳು ಒಂದೇ ಸ್ಥಳದಲ್ಲಿ ನಿಂತು ಸಾಯುವದಿಲ್ಲ. ಮುಂದಾಳಾದ ಹಿರಿಯ ಹೆಣ್ಣಾನೆಯ ಹಿಂದೆ ಹಿಂಡು ನಡೆಯುತ್ತದೆ. ೧೯೭೪ರಲ್ಲಿ ಕಬಿನಿ ಹೊಳೆಯ ಅಣೆಕಟ್ಟು ಮುಗಿದ ಮೇಲೆ ಅದರ ಹಿನ್ನೀರು ಬೇಸಿಗೆಯಲ್ಲಿ ಇಳಿದ ಕಡೆಯಲ್ಲೆಲ್ಲಾ ಎಳೆಹುಲ್ಲು ಹುಟ್ಟುತ್ತದೆ. ನಾಗರಹೊಳೆ ಬಂಡೀಪುರಗಳ ಆನೆಗಳು ನೂರಾರಾಗಿ ಅಲ್ಲಿ ಕೂಡುತ್ತವೆ.

ಮುಸುವವು ಜಿಂಕೆಗೆ ದಾನ ಮಾಡಬೇಕೆಂದು ನೆನಸಿ ಎಲೆಯನ್ನು ಬೀಳಿಸುವದಿಲ್ಲ. ಆನೆಯು ಬೇರೆ ಮೃಗಗಳಿಗೋಸ್ಕರ ಗುಂಡಿ ತೋಡುವದಿಲ್ಲ. ಆದರೂ ಅವುಗಳ ಅರಿವಿಲ್ಲದೆಯೇ ದೇವರು ಒಂದರ ಊಟದಿಂದ ಇನ್ನೊಂದಕ್ಕೆ ಉಣಿಸುತ್ತಾನೆ. ನಮಗಾದರೋ ಅರಿವನ್ನು ಕೊಟ್ಟಿದ್ದಾನೆ. ಸಭೆಯಲ್ಲಿ ಬಾವಿಯುಳ್ಳವನು ಬಾವಿಯಿಲ್ಲದವನಿಗೆ ನೀರು ಬಿಡಲಿ. ಎತ್ತುಗಳುಳ್ಳವನು ವಿಧವೆಯ ಹೊಲವನ್ನು ಒಂದು ದಿನ ಉತ್ತುಕೊಡಲಿ. ಓದುಬಲ್ಲ ಹುಡುಗನು ಓದುಬಾರದ ಮುದುಕನಿಗೆ ಒಂದು ಅಧ್ಯಾಯವನ್ನು ಓದಲಿ. ಎತ್ತರದಲ್ಲಿ ಕುಳಿತವನು ಕೆಳಗಿರುವವನಿಗೆ ಅಪಾಯದ ಸುಳಿವನ್ನು ಕೊಡಲಿ. ಹೀಗೆ ಮಾಡಿದರೆ ಒಣಗಾಲವು ಸಭೆಯನ್ನು ಚದರಿಸುವದಿಲ್ಲ, ಹತ್ತಿರಕ್ಕೆ ತರುತ್ತದೆ.

ನಾಲ್ಕನೆಯದಾಗಿ, ಕಾಡು ನಿರೀಕ್ಷೆಯಿಂದ ಕಾದುಕೊಂಡಿರುತ್ತದೆ. ಕೆಲವು ಕಪ್ಪೆಗಳು ಮಣ್ಣಿನೊಳಗೆ ಹುದುಗಿಕೊಂಡು ತಿಂಗಳುಗಟ್ಟಲೆ ಶಬ್ದವಿಲ್ಲದೆ ಇರುತ್ತವೆ. ಬಸವನಹುಳವು ಚಿಪ್ಪಿನ ಬಾಯಿಗೆ ಒಂದು ತೆಳ್ಳಗಿನ ಮುಚ್ಚಳವನ್ನು ಕಟ್ಟಿಕೊಂಡು ತನ್ನ ತೇವವನ್ನು ಕಾಪಾಡಿಕೊಳ್ಳುತ್ತದೆ. ಮೊದಲ ಮಳೆಯ ರಾತ್ರಿಯಲ್ಲಿ ಕೆರೆಯ ಬದಿಯೆಲ್ಲಾ ಕಪ್ಪೆಗಳ ಕೂಗಿನಿಂದ ತುಂಬುವದು. ಆ ಶಬ್ದವು ಎಲ್ಲಿಂದ ಬಂತು? ನಾವು ಇಷ್ಟು ದಿವಸ ಯಾವ ನೆಲವನ್ನು ಸತ್ತದ್ದೆಂದು ತುಳಿಯುತ್ತಿದ್ದೆವೋ ಅದರೊಳಗಿಂದಲೇ ಬಂತು.

ಇನ್ನೂ ಆಶ್ಚರ್ಯವಾದದ್ದೇನಂದರೆ, ಅನೇಕ ಮರಗಳು ಮಳೆ ಬಂದ ಮೇಲೆ ಚಿಗುರುವದಿಲ್ಲ. ಮಳೆಗೆ ಮುಂಚೆಯೇ, ಬಿಸಿಲು ಅತಿ ಹೆಚ್ಚಾಗಿರುವ ದಿನಗಳಲ್ಲಿ ಚಿಗುರುತ್ತವೆ. ಕಾಂಡದಲ್ಲಿ ಕೂಡಿಟ್ಟ ನೀರೂ ಆಳವಾದ ಬೇರಿಗೆ ಸಿಕ್ಕುವ ತೇವವೂ ಅವುಗಳಿಗೆ ಆಧಾರ. ಬಂಡೀಪುರಕ್ಕೆ ಹೊಂದಿರುವ ಮುದುಮಲೆಯ ಕಾಡಿನಲ್ಲಿ ವಿದ್ವಾಂಸರು ಮಾಡಿ ೧೯೯೩ರಲ್ಲಿ ಪ್ರಕಟಿಸಿದ ಪರಿಶೋಧನೆಯಿಂದ ಇದರ ಒಂದು ಪ್ರಯೋಜನವು ತಿಳಿದುಬಂತು. ಮಳೆಯೊಡನೆ ಹುಳುಗಳ ದಂಡು ಏಳುತ್ತದೆ. ಮಳೆಗೆ ಮುಂಚೆ ಚಿಗುರಿದ ಮರಗಳ ಎಲೆಯು ಅಷ್ಟರೊಳಗೆ ಬಲಿತಿರುವದರಿಂದ ಹುಳುಗಳ ಹಾನಿಯು ಅವುಗಳಿಗೆ ಕಡಿಮೆಯಾಗುತ್ತದೆ. ಮಳೆಯನ್ನು ಕಾಣದೆ ಮಳೆಗಾಗಿ ಸಿದ್ಧವಾಗುವ ಮರವು ನಂಬಿಕೆಗೆ ಒಳ್ಳೇ ದೃಷ್ಟಾಂತವಲ್ಲವೇ? ಕಣ್ಣಿಗೆ ಕಾಣದ್ದನ್ನು ನಿಶ್ಚಯವೆಂದು ಹಿಡಿದುಕೊಳ್ಳುವದೇ ನಂಬಿಕೆಯೆಂದು ಇಬ್ರಿಯರಿಗೆ ಬರೆದ ಪತ್ರಿಕೆಯಿಂದ ಕಲಿತಿದ್ದೇವೆ.

೨೦೧೯ನೆಯ ಇಸವಿಯ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ದೊಡ್ಡ ಬೆಂಕಿ ಎದ್ದು ಸಾವಿರಾರು ಎಕರೆ ಕಾಡು ಸುಟ್ಟಿತು. ಇಂಥ ಬೆಂಕಿಯಿಂದ ಸಣ್ಣ ಸಸಿಗಳೂ ಹರಿದಾಡುವ ಪ್ರಾಣಿಗಳೂ ಎಷ್ಟೋ ನಾಶವಾಗುತ್ತವೆ. ಆದದರಿಂದ ಬೇಸಿಗೆಯಲ್ಲಿ ಕಾಡಿನ ಬಳಿ ಒಂದು ಬೀಡಿಯ ಕಿಡಿಯನ್ನಾದರೂ ಬಿಡಬೇಡಿರೆಂದು ಬೇಡುತ್ತೇನೆ. ಆದರೆ ದಪ್ಪ ತೊಗಟೆಯ ಮರಗಳು ಬೆಂಕಿಯನ್ನು ತಡೆದು ನಿಲ್ಲುತ್ತವೆ. ಮೇಲಣ ಭಾಗವು ಸುಟ್ಟುಹೋದ ಎಷ್ಟೋ ಗಿಡಗಳು ಮಳೆ ಬಿದ್ದಾಗ ಬೇರಿನಿಂದ ತಿರಿಗಿ ಚಿಗುರುತ್ತವೆ. ಯೋಬನು ಬಲ್ಲವನಾಗಿ ಹೇಳಿದ್ದು ಇದೇ. ಕಡಿದ ಮರದ ಬುಡವು ಮಣ್ಣಿನಲ್ಲಿ ಹಳೆಯದಾಗಿ ಬಿದ್ದಿದ್ದರೂ ನೀರಿನ ಸುಳಿವು ಸಿಕ್ಕಿದ ಕೂಡಲೆ ಅದು ಎಳೆಗಿಡದಂತೆ ಮೊಳೆಯುವದೆಂದು ಅವನು ಕಂಡನು.

ಆದರೆ ಯೋಬನು ಇದನ್ನು ಸಂತೋಷದಿಂದಲ್ಲ, ಕಣ್ಣೀರಿನಿಂದ ಹೇಳಿದನೆಂಬದನ್ನು ಮರೆಯಬಾರದು. ಅವನು ಮಕ್ಕಳನ್ನು ಮಣ್ಣಿಗೆ ಕೊಟ್ಟ ತಂದೆ. ಮರಕ್ಕಾದರೂ ನಿರೀಕ್ಷೆಯುಂಟು, ಮನುಷ್ಯನು ಸತ್ತರೆ ಎಲ್ಲಿ ಎಂಬದೇ ಅವನ ಗೋಳು. ನಿಮ್ಮಲ್ಲಿಯೂ ಮಗುವನ್ನು ಹೂಣಿಟ್ಟವರಿದ್ದೀರಿ. ಮರ ಚಿಗುರಿತು, ನನ್ನ ಮಗು ಏಳಲಿಲ್ಲವಲ್ಲಾ ಎಂದು ನೀವು ಅತ್ತರೆ ಅದು ಪಾಪವಲ್ಲ, ಯೋಬನೂ ಅತ್ತನು. ಅವನ ಪ್ರಶ್ನೆಗೆ ಕಾಡು ಉತ್ತರವನ್ನು ಕೊಡಲಾರದು. ಉತ್ತರವು ಯೆರೂಸಲೇಮಿನ ಹೊರಗಣ ಒಂದು ತೋಟದಲ್ಲಿ ಬಂತು. ಅಲ್ಲಿ ಎಲೆಯೂ ಹೂವೂ ಇಲ್ಲದ ಶಿಲುಬೆಯ ಮರದಿಂದ ಇಳಿಸಲ್ಪಟ್ಟವನನ್ನು ಸಮಾಧಿಯಲ್ಲಿ ಇಟ್ಟರು. ಮೂರನೆಯ ದಿವಸದಲ್ಲಿ ಅವನು ಎದ್ದನು. ನಿದ್ರೆಹೋದವರಲ್ಲಿ ಅವನು ಪ್ರಥಮಫಲ. ಪ್ರಥಮಫಲವಿದ್ದರೆ ಸುಗ್ಗಿಯೂ ಉಂಟು. ಆದದರಿಂದ ಮಣ್ಣಿನಲ್ಲಿರುವ ನಮ್ಮವರ ಮೇಲೆಯೂ ಒಂದು ಮಳೆಗಾಲವು ಬರುವದು.

ಕಡೆಯದಾಗಿ, ಸಭೆಯ ಹಿರಿಯರೇ, ಉಪದೇಶಿಗಳೇ, ನಿಮಗೂ ನನಗೂ ಒಂದು ಮಾತು. ಲೂಕನ ಸುವಾರ್ತೆಯಲ್ಲಿರುವ ತೋಟಗಾರನು ಫಲವಿಲ್ಲದ ಅಂಜೂರದ ಗಿಡಕ್ಕೋಸ್ಕರ ಯಜಮಾನನ ಹತ್ತಿರ ಇನ್ನೊಂದು ವರುಷವನ್ನು ಬೇಡಿಕೊಂಡನು. ಬೇಡಿಕೊಂಡು ಸುಮ್ಮನೆ ಇರುವದಾಗಿ ಹೇಳಲಿಲ್ಲ. ಸುತ್ತಲೂ ಅಗೆದು ಗೊಬ್ಬರ ಹಾಕುವೆನೆಂದನು. ನಿಜವಾಗಿ ಸತ್ತ ಮರಗಳೂ ಉಂಟು, ಗೆದ್ದಲು ತಿಂದ ಮರಗಳೂ ಉಂಟು. ಅದನ್ನು ನಾನು ಅಲ್ಲಗಳೆಯುವದಿಲ್ಲ. ಆದರೆ ದಾರಿಯಲ್ಲಿ ನಿಂತು ನೋಡಿ ಅದನ್ನು ತೀರ್ಮಾನಿಸಬಾರದು. ನಿಮ್ಮ ಸಭಾಪುಸ್ತಕದಲ್ಲಿ ಒಂದು ಹೆಸರನ್ನು ಹೊಡೆಯುವದಕ್ಕೆ ಮುಂಚೆ ಆ ಮನೆಯ ಜಗಲಿಯ ಮೇಲೆ ಒಂದು ಸಾಯಂಕಾಲ ಕುಳಿತುಕೊಳ್ಳಿರಿ. ಹಸಿವೆಯೋ, ಸಾಲವೋ, ನಾಚಿಕೆಯೋ, ನಾವೇ ಆಡಿದ ಒಂದು ಕಠಿಣವಾದ ಮಾತೋ ಅವರನ್ನು ದೂರಮಾಡಿರಬಹುದು. ಮತ್ತು ಬರಿಗೈಯುಳ್ಳವರೇ, ಬರಿಗೈಯೆಂದು ದೇವರ ಮನೆಗೆ ಬಾರದೆ ಇರಬೇಡಿರಿ. ಕರ್ತನು ಎಲೆಯನ್ನು ಎಣಿಸುವವನಲ್ಲ, ಬೇರನ್ನು ನೋಡುವವನು.

ಆ ವರುಷದ ಬೆಳೆಹಬ್ಬವು ಮುಗಿದುಹೋಗಿತ್ತು. ಆದರೂ ಮುಂದಿನ ಆದಿತ್ಯವಾರ ಆ ತಾಯಿಯು ದೇವಾಲಯಕ್ಕೆ ಬಂದಳು. ಸೆರಗಿನಲ್ಲಿ ಒಂದು ಹಿಡಿ ನುಗ್ಗೇಸೊಪ್ಪನ್ನು ಕಟ್ಟಿಕೊಂಡು ಬಂದು ಯಜ್ಞವೇದಿಯ ಮುಂದೆ ಇಟ್ಟಳು. ಜ್ವರ ಬಿಟ್ಟ ಆ ಹುಡುಗನು ಆಕೆಯ ಕೈಯನ್ನು ಹಿಡಿದುಕೊಂಡಿದ್ದನು. ಸಭಾಪುಸ್ತಕದಲ್ಲಿ ಆಕೆಯ ಹೆಸರು ಹಾಗೆಯೇ ಉಳಿಯಿತು.

ಪ್ರಾರ್ಥನೆ: ಕಾಡಿನ ಮರಗಳನ್ನೂ ಮೃಗಗಳನ್ನೂ ಒಣಗಾಲದಲ್ಲಿ ಕಾಪಾಡುವ ಕರ್ತನೇ, ಬಿಡಬೇಕಾದದ್ದನ್ನು ನಾಚದೆ ಬಿಡುವದಕ್ಕೂ, ಕೊರತೆಯಲ್ಲಿಯೂ ಕೊಡುವದಕ್ಕೂ, ಮಳೆಯನ್ನು ಕಾಣುವದಕ್ಕೆ ಮುಂಚೆ ಚಿಗುರುವದಕ್ಕೂ ನಮಗೆ ಕೃಪೆಯನ್ನು ಅನುಗ್ರಹಿಸು. ಬೋಳಾಗಿ ನಿಂತ ನಮ್ಮ ಸಹೋದರನ ಮೇಲೆ ನಾವು ಕೊಡಲಿಯನ್ನು ಎತ್ತದಂತೆ ನಮ್ಮ ಕೈಯನ್ನು ತಡೆ. ಯೇಸು ಕ್ರಿಸ್ತನ ಮೂಲಕ ಬೇಡಿಕೊಳ್ಳುತ್ತೇವೆ. ಆಮೆನ್.